‘ಬೇರೆ ಶಾಲೆ ನೋಡ್ಕೊಳ್ಳಿ’ ಅನ್ನೋ ಹಾಗಿಲ್ಲ

ಸುತ್ತ ಇಟ್ಟಿಗೆ ಗೂಡುಗಳಿರುವ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯ ಹುಡುಗನೊಬ್ಬ ಸಹಪಾಠಿಗೆ ಕಂಪಾಸ್ ಬಾಕ್ಸಿನಿಂದ ಬಾರಿಸಿದ್ದಾನೆ. ಏಟು ತಿಂದವನ ಹುಬ್ಬಿಗೆ ಹೊಲಿಗೆ ಬಿದ್ದಿದೆ. ಮಧ್ಯಾಹ್ನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ. ಅದಕ್ಕೂ ಮುಂಚೆ ಸಮಿತಿಯ ಅಧ್ಯಕ್ಷರು ಮುಖ್ಯ ಶಿಕ್ಷಕಿಯವರ ಕೊಠಡಿಗೆ ಬಂದು ಕೂತಿದ್ದಾರೆ.

ಅಧ್ಯಕ್ಷರು: ಮೇಡಂ, ಸಭೇಲಿ ಮಾತು ಬೆಳೆಸೋದು ಬೇಡ. ಆ ಗೂಡಿನ ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸಿಬಿಡಿ. ಏಟು ತಿಂದವನ ದೊಡ್ಡಪ್ಪ ಪಂಚಾಯ್ತಿ ಮೆಂಬರು. ಬೆಳಗ್ಗೆಯಿಂದ ಫೋನ್ ಮೇಲೆ ಫೋನು.

ಮುಖ್ಯ ಶಿಕ್ಷಕಿ: ಟಿ.ಸಿ. ಕೊಟ್ಟು ಕಳಿಸೋಕೆ ಬರಲ್ಲ, ಅಧ್ಯಕ್ಷರೇ. ಎಂಟನೇ ತರಗತಿ ಮುಗಿಯೋವರೆಗೂ ಯಾವ ಮಗೂನೂ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್. 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಅಧ್ಯಕ್ಷರು: ಅದನ್ನ ತೆಗೆದುಹಾಕಿದ್ರಲ್ಲ? ಐದಕ್ಕೆ, ಎಂಟಕ್ಕೆ ಪರೀಕ್ಷೆ ಬಂತು ಅಂತ ಗಲಾಟೆ ಆಗಿತ್ತು.

ಮುಖ್ಯ ಶಿಕ್ಷಕಿ: 2019ರಲ್ಲಿ ತಿದ್ದಿದ್ದು ಫೇಲ್ ಮಾಡೋ ವಿಷಯವನ್ನ ಮಾತ್ರ. ಹೊರಗೆ ಹಾಕಬಾರದು ಅನ್ನೋದು ಹಾಗೇ ಇದೆ.

ಅಧ್ಯಕ್ಷರು: ಪೇಟೆಯ ಪ್ರೈವೇಟ್ ಶಾಲೆಯವರು ಹಾಕ್ತಾರಲ್ಲ ಮತ್ತೆ? ಅವರಿಗೆ ಬೇರೆ ಕಾನೂನೇ?

ಮುಖ್ಯ ಶಿಕ್ಷಕಿ: ಕಾನೂನು ಅವರಿಗೂ ಅದೇ. ಅವರು ಹಾಕಲ್ಲ, ಹೋಗೋ ಹಾಗೆ ಮಾಡ್ತಾರೆ. ‘ನಿಮ್ಮ ಹುಡುಗನಿಗೆ ನಮ್ಮ ಶಾಲೆ ಹೊಂದ್ತಾ ಇಲ್ಲ, ಬೇರೆ ಶಾಲೆ ನೋಡ್ಕೊಳ್ಳಿ’ ಅಂತ ಎರಡು ಸಲ ಕರೆಸಿ ಹೇಳಿದ್ರೆ ಅಪ್ಪ ಅಮ್ಮ ತಾವೇ ಅರ್ಜಿ ಬರ್ಕೊಟ್ಟು ಟಿ.ಸಿ. ತಗೊಂಡು ಹೋಗ್ತಾರೆ. ಹಾಗೆ ಹೋದ ಮಕ್ಕಳು ಕೊನೆಗೆ ಬಂದು ಸೇರೋದು ಇಲ್ಲಿಗೆ. ನಮ್ಮ ನಾಲ್ಕನೇ ಕ್ಲಾಸಿನಲ್ಲೇ ಅಂಥವರಿದ್ದಾರೆ. ನಾವು ಕಳಿಸಿದ್ರೆ ಎಲ್ಲಿಗೆ ಹೋಗಬೇಕು ಹೇಳಿ? ಗೂಡಿಗೆ. ‘ಬೇರೆ ಶಾಲೆ’ ಅನ್ನೋ ಮಾತು ನಮ್ಮ ಬಾಯಲ್ಲಿ ಬರೋ ಹಾಗಿಲ್ಲ.

ಅಧ್ಯಕ್ಷರು: ಕಳಿಸೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ. ಮತ್ತೆ ಶಿಸ್ತು ಅನ್ನೋದು ಹೇಗೆ ಬರುತ್ತೆ? ನಮ್ಮ ಕಾಲದಲ್ಲಿ ಮೇಷ್ಟ್ರು ಬೀದೀಲಿ ಬಂದ್ರೆ ಗೋಲಿ ಬಿಟ್ಟು ಓಡ್ತಿದ್ವಿ. ಚಡಿ ಏಟು ತಿಂದೇ ನಾವೆಲ್ಲ ಮನುಷ್ಯರಾದದ್ದು. ನಮ್ಮ ತಾತ ಕೂಲಿಮಠದಲ್ಲಿ ಕೋದಂಡ ಹಾಕಿಸಿಕೊಂಡವರು. ದಂಡಂ ದಶಗುಣಂ ಅಂತ ಸುಮ್ನೆ ಹೇಳಿದ್ರಾ?

ಮುಖ್ಯ ಶಿಕ್ಷಕಿ: ನಿಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಹತ್ತನೇ ಕ್ಲಾಸಿನವರೆಗೆ ಎಷ್ಟು ಜನ ಬಂದ್ರಿ?

ಅಧ್ಯಕ್ಷರು: ಅದು... ಅರ್ಧಕ್ಕರ್ಧ ಬಿಟ್ಟರು. ದನ ಕಾಯೋಕೆ ಹೋದ್ರು, ಕೂಲಿಗೆ ಹೋದ್ರು.

ಮುಖ್ಯ ಶಿಕ್ಷಕಿ: ಏಟು ತಿಂದು ಮನುಷ್ಯರಾದೆವು ಅಂತ ಹೇಳೋಕೆ ಉಳಿದವರು ನೀವು. ಏಟಿಗೆ ಹೆದರಿ ಬಿಟ್ಟವರನ್ನ ಯಾರೂ ಕರೆದು ಕೇಳಲಿಲ್ಲ. ದೆಹಲಿಯ ಶಾಲಾ ನಿಯಮಗಳಲ್ಲಿ, 1973ರವು, ಅಂಗೈಗೆ ಹತ್ತು ಏಟು ಮೀರಬಾರದು ಅಂತ ಬರೆದೇ ಇಟ್ಟಿದ್ರು. 2000ದ ಡಿಸೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟು ಹೊಡೆಯೋಕೆ ಅವಕಾಶ ಕೊಟ್ಟಿದ್ದ ಆ ನಿಯಮವನ್ನೇ ರದ್ದು ಮಾಡ್ತು. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಬಂತು. ದೈಹಿಕ ಶಿಕ್ಷೆ ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ಅದು ನಿಷೇಧಿಸುತ್ತೆ.

ಅಧ್ಯಕ್ಷರು: ನಿಷೇಧಿಸಿದ್ರು, ಸರಿ. ನಿಂತಿದೆಯಾ?

ಮುಖ್ಯ ಶಿಕ್ಷಕಿ: ಇಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2009-10ರಲ್ಲಿ ಏಳು ರಾಜ್ಯಗಳ 6,632 ಮಕ್ಕಳನ್ನ ಮಾತಾಡಿಸಿತ್ತು. ನಮಗೆ ಯಾವ ಶಿಕ್ಷೆಯೂ ಆಗಿಲ್ಲ ಅಂದವರು 9 ಮಕ್ಕಳು.

ಅಧ್ಯಕ್ಷರು: ಒಂಬೈನೂರಾ?

ಮುಖ್ಯ ಶಿಕ್ಷಕಿ: ಒಂಬತ್ತೇ ಮಕ್ಕಳು. ಆ ಸಮೀಕ್ಷೇಲಿ ಬೆತ್ತದ ಏಟಿಗಿಂತ ಹೆಚ್ಚು ಮಕ್ಕಳು ಹೇಳಿದ್ದು ಬೇರೆ: ‘ನಿನಗೆ ಓದು ಹತ್ತಲ್ಲ, ಯಾಕೆ ಬರ್ತೀಯ’ ಅನ್ನೋ ಮಾತು. ಬಾಸುಂಡೆ ಎದ್ದರೆ ತಾಯಿ ಬಂದು ಕೇಳ್ತಾಳೆ. ಈ ಮಾತಿಗೆ ಯಾರು ಬಂದು ಕೇಳ್ತಾರೆ?

ಅಧ್ಯಕ್ಷರು: ಅದೆಲ್ಲ ದೇಶದ ಮಾತಾಯ್ತು. ನಮ್ಮ ಶಾಲೆಗೆ ಬನ್ನಿ. ಈ ಹುಡುಗ ದಿನಾ ಲೇಟು, ಹೋಂವರ್ಕ್ ಮಾಡಲ್ಲ, ಯೂನಿಫಾರಂ ಇಲ್ಲ. ಈಗ ಹೊಡೆದಾಟ. ಒಂದು ಕಳೆ ಬಿಟ್ರೆ ಹೊಲವೆಲ್ಲ ಕಳೆಯಾಗುತ್ತೆ.

ಮುಖ್ಯ ಶಿಕ್ಷಕಿ: ಹೊಲದಲ್ಲಿ ಕಳೆ ಯಾವುದು, ಪೈರು ಯಾವುದು ಅಂತ ನಿಮಗೆ ಗೊತ್ತು. ಹನ್ನೆರಡು ವರ್ಷದ ಹುಡುಗನ ಮುಖ ನೋಡಿ ಅದನ್ನ ಹೇಳೋ ವಿದ್ಯೆ ನನಗಂತೂ ಬರಲ್ಲ. ಅವನು ಯಾಕೆ ಲೇಟು ಅಂತ ಕೇಳಿದ್ರಾ?

ಅಧ್ಯಕ್ಷರು: ಸೋಮಾರಿತನ. ಇನ್ನೇನು?

ಮುಖ್ಯ ಶಿಕ್ಷಕಿ: ಯಾದಗಿರಿ ಕಡೆಯವರು. ಮಳೆಗಾಲ ಮುಗಿದ ಮೇಲೆ ಬರ್ತಾರೆ, ಮತ್ತೆ ಮಳೆ ಹಿಡಿಯೋ ಹೊತ್ತಿಗೆ ವಾಪಸ್. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಬಂದ. ಕೈ ನೋಡೋಣ ಅಂದೆ. ಹೊಡೀತಾರೆ ಅಂತ ಕಣ್ಣು ಮುಚ್ಚಿಕೊಂಡು ಅಂಗೈ ಚಾಚಿದ. ಅಂಗೈ ತುಂಬ ಬಿರುಕು, ಬಿರುಕಿನ ಒಳಗೆಲ್ಲ ಒಣಗಿದ ಕೆಮ್ಮಣ್ಣು. ಬೆಳಗಿನ ಜಾವ ಎದ್ದು ಹಸಿ ಇಟ್ಟಿಗೆ ಮಗುಚಿ ಹಾಕಿ ಬರ್ತಾನೆ. ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುಗಿಸಬೇಕಲ್ಲ, ಅದು ಹುಡುಗರ ಪಾಲಿನ ಕೆಲಸವಂತೆ. ಅದಾದ ಮೇಲೆ ತಂಗಿಗೆ ಊಟ ಮಾಡಿಸಿ, ಎತ್ತಿಕೊಂಡು ಅಂಗನವಾಡಿಗೆ ಬಿಟ್ಟು ಇಲ್ಲಿಗೆ ಬರ್ತಾನೆ.

ಅಧ್ಯಕ್ಷರು: ಹದಿನಾಲ್ಕು ತುಂಬದ ಹುಡುಗ. ಅದು ಬಾಲಕಾರ್ಮಿಕ ಕೇಸ್ ಆಗುತ್ತಲ್ಲ ಮೇಡಂ?

ಮುಖ್ಯ ಶಿಕ್ಷಕಿ: ಆಗುತ್ತೆ. ಗೂಡಿನ ಯಜಮಾನರು ನಿಮಗೆ ಚೆನ್ನಾಗಿ ಗೊತ್ತಿರೋರು. ಮೊದಲು ನೀವು ಹೋಗಿ ಮಾತಾಡಿ. ಕೇಳದೇ ಇದ್ರೆ 1098ಕ್ಕೆ ಫೋನ್ ಮಾಡೋದು ನನ್ನ ಕೆಲಸ. ಆದ್ರೆ ನಾನು ಹೇಳೋಕೆ ಹೊರಟಿದ್ದು ಬೇರೆ. ಅವನು ಲೇಟಾಗಿ ಬಂದದ್ದು ತಪ್ಪು ಅಂತ ನಾವು ಬರ್ಕೊಂಡಿದ್ದೀವಿ. ಅದು ಯಾರ ತಪ್ಪು ಅಂತ ಬರೆಯೋಕೆ ಕಾಲಂ ಇಟ್ಟಿಲ್ಲ.

ಅಧ್ಯಕ್ಷರು: ಎಲ್ಲಿ ಬರ್ಕೊಂಡಿದ್ದೀರಿ?

ಮುಖ್ಯ ಶಿಕ್ಷಕಿ: ಈ ನೋಟ್‌ಬುಕ್ಕಲ್ಲಿ. ಈ ವರ್ಷದಿಂದ ಇಟ್ಟಿದ್ದೀನಿ. ಯಾವ ಮಗೂನ ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ರು, ಯಾರನ್ನ ಆಟಕ್ಕೆ ಬಿಡಲಿಲ್ಲ, ಯಾರ ಕೈಲಿ ಬಸ್ಕಿ ಹೊಡೆಸಿದ್ರು, ಯಾವ ಕಾರಣಕ್ಕೆ. ನೋಡಿ ನೀವೇ.

ಅಧ್ಯಕ್ಷರು: ತಡವಾಗಿ ಬಂದದ್ದು. ಪುಸ್ತಕ ತರದೇ ಇದ್ದದ್ದು. ಶೂ ಇಲ್ಲ. ತಡವಾಗಿ ಬಂದದ್ದು. ಎದುರು ಮಾತು. ತಡವಾಗಿ... ಹೆಸರೂ ಅವವೇ ಬರ್ತಿವೆ. ಮೂರು ಮನೆ ಗೂಡಿನವರು, ಹಟ್ಟಿಯ ಹುಡುಗರು, ಆ ಅಜ್ಜಿ ಜೊತೆ ಇರೋ ಹುಡುಗಿ.

ಮುಖ್ಯ ಶಿಕ್ಷಕಿ: ನಮ್ಮ ಮೇಷ್ಟ್ರುಗಳು ಕೆಟ್ಟವರಲ್ಲ. ಜಾತಿ ನೋಡಿ ಹೊರಗೆ ನಿಲ್ಲಿಸ್ತೀನಿ ಅಂತ ಯಾರೂ ಮನೆಯಿಂದ ಹೊರಡಲ್ಲ. ಆದ್ರೆ ನಾವು ತಪ್ಪು ಅಂತ ಪಟ್ಟಿ ಮಾಡಿರೋದೆಲ್ಲ ಬಡತನದಿಂದ ಹುಟ್ಟೋ ತಪ್ಪುಗಳು. ಮನೇಲಿ ಗಡಿಯಾರ ಇರೋ ಹುಡುಗ ಲೇಟಾಗಲ್ಲ. ಹಣ ಇರೋ ಮನೆಯವನಿಗೆ ಇನ್ನೊಂದು ನೋಟ್‌ಬುಕ್ ಸಿಗುತ್ತೆ. ಈಗ ಇನ್ನೊಂದು ಸಲ ಮೇಲಿನಿಂದ ಓದಿ. ಅಣಕಿಸಿದ್ದಕ್ಕೆ, ಊಟದ ಸಾಲಲ್ಲಿ ದೂರ ಕೂತದ್ದಕ್ಕೆ, ಅಡ್ಡಹೆಸರು ಇಟ್ಟದ್ದಕ್ಕೆ ಅಂತ ಒಂದಾದ್ರೂ ಇದೆಯಾ?

ಅಧ್ಯಕ್ಷರು: ಇಲ್ಲ.

ಮುಖ್ಯ ಶಿಕ್ಷಕಿ: ನಡೆಯೋದೇ ಇಲ್ಲ ಅಂತಲಾ?

ಅಧ್ಯಕ್ಷರು: ಅಣಕಕ್ಕೆಲ್ಲ ಶಿಕ್ಷೆ ಕೊಡೋಕೆ ಹೋದ್ರೆ ಮೊದಲು ನಮ್ಮ ಮನೆ ಹುಡುಗ ಹೊರಗಿರ್ತಾನೆ, ಬಿಡಿ.

ಮುಖ್ಯ ಶಿಕ್ಷಕಿ: ಆ ಗೂಡಿನ ಹುಡುಗನಿಗೆ ಏನಂತ ಹೆಸರಿಟ್ಟಿದಾರೆ ಗೊತ್ತಾ? ‘ರೀ’. ಅವನು ಅವರೂರಿನ ಥರ ‘ಹೌದ್ರೀ ಮೇಡಂ’, ‘ಬಂದೆನ್ರೀ ಸರ್’ ಅಂತಾನೆ. ಇಡೀ ಕ್ಲಾಸಲ್ಲಿ ಮೇಷ್ಟ್ರುಗಳಿಗೆ ಅಷ್ಟು ಮರ್ಯಾದೆ ಕೊಟ್ಟು ಮಾತಾಡೋನು ಅವನೊಬ್ಬನೇ. ಅದಕ್ಕೇ ಅವನು ಬಾಯಿ ಬಿಟ್ಟರೆ ಹಿಂದಿನ ಬೆಂಚಿಂದ ‘ರೀ... ರೀ...’ ಅಂತ ರಾಗ. ಈಚೆಗೆ ಹಾಜರಿ ಕೂಗಿದ್ರೆ ಮಾತೇ ಆಡಲ್ಲ, ಕೈ ಎತ್ತುತ್ತಾನೆ. ಅದನ್ನೂ ‘ಉದ್ಧಟತನ’ ಅಂತ ಒಬ್ಬರು ಬರೆಸಿದ್ದಾರೆ, ಎರಡನೇ ಪುಟದಲ್ಲಿದೆ ನೋಡಿ.

ಅಧ್ಯಕ್ಷರು: ಅಲ್ಲ ಮೇಡಂ, ನೀವು ಹೇಳೋದು ಕೇಳ್ತಾ ಹೋದ್ರೆ ಹೊಡೆದವನೇ ಪಾಪದವನು ಅಂತಾಗುತ್ತೆ. ಹುಬ್ಬು ಹರಿದುಕೊಂಡವನ ತಾಯಿಗೆ ನಾನು ಏನು ಹೇಳ್ಲಿ? ‘ನಿಮ್ಮ ಮಗ ಅಣಕಿಸಿದ್ದ, ಅದಕ್ಕೆ ಸರಿಯಾಯ್ತು’ ಅನ್ನಲಾ? ಒಂದು ಇಂಚು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು.

ಮುಖ್ಯ ಶಿಕ್ಷಕಿ: ಖಂಡಿತ ಅನ್ನಬಾರದು. ಅದಕ್ಕೇ ಇವತ್ತಿನ ಸಭೇಲಿ ಅಣಕದ ಮಾತು ಎತ್ತಲೇಬಾರದು ಅಂತ ನನ್ನ ಅಭಿಪ್ರಾಯ. ಇವತ್ತು ಎತ್ತಿದ್ರೆ ಅದಕ್ಕೂ ಇದಕ್ಕೂ ವಜಾ ಅಂತಾಗುತ್ತೆ. ಮೊದಲು ಆ ತಾಯಿ ಮಾತಾಡಲಿ, ನಾವೆಲ್ಲ ಕೇಳೋಣ. ಆ ಹುಡುಗ ನಾಳೆ ಭಯ ಇಲ್ಲದೆ ಬಂದು ಕೂರೋ ಹಾಗೆ ಆಗಬೇಕು. ಸ್ವಲ್ಪ ದಿನ ಇಬ್ಬರನ್ನೂ ದೂರ ಕೂರಿಸ್ತೀನಿ, ಆಟದ ಪೀರಿಯಡ್ಡಲ್ಲಿ ಒಬ್ಬರು ಮೇಷ್ಟ್ರು ಕಣ್ಣಿಟ್ಟಿರ್ತಾರೆ. ಹೊಡೆದವನು ಅವನ ಎದುರಿಗೆ ನಿಂತು, ನಾನು ಹೀಗೆ ಮಾಡಿದೆ, ನಿನಗೆ ಹೀಗಾಯ್ತು ಅಂತ ತಾನೇ ಬಾಯಿ ಬಿಟ್ಟು ಹೇಳಬೇಕು. ಪ್ರಾರ್ಥನೆ ಹೊತ್ತಲ್ಲಿ ಇಡೀ ಶಾಲೆ ಮುಂದೆ ಕ್ಷಮೆ ಕೇಳಿಸೋದು ಬೇಡ. ಅದು ತಮಾಷೆ ಆಗಿಬಿಡುತ್ತೆ. ಕ್ಷಮಿಸಬೇಕೋ ಬೇಡವೋ ಅದು ಏಟು ತಿಂದವನಿಗೆ ಬಿಟ್ಟದ್ದು, ‘ಕೈ ಕುಲುಕ್ರೋ’ ಅಂತ ಬಲವಂತ ಇಲ್ಲ. ಅಣಕದ ವಿಷಯ ಮುಂದಿನ ವಾರ, ಇಡೀ ಕ್ಲಾಸಿಗೆ, ಪ್ರತ್ಯೇಕವಾಗಿ.

ಅಧ್ಯಕ್ಷರು: ಅಷ್ಟೇನಾ? ಇದು ಶಿಕ್ಷೆ ಅನ್ನಿಸಲ್ಲವಲ್ಲ.

ಮುಖ್ಯ ಶಿಕ್ಷಕಿ: ಎರಡು ಏಟು ತಿಂದು ಬೆಂಚಿಗೆ ಹೋಗಿ ಕೂರೋದು ಸುಲಭ. ಲೆಕ್ಕ ಚುಕ್ತಾ ಆಯ್ತು ಅಂದ್ಕೋತಾನೆ. ತಾನು ಹೊಡೆದವನ ಮುಖ ನೋಡ್ಕೊಂಡು ಮಾತಾಡೋದು ಎಷ್ಟು ಕಷ್ಟ ಅಂತ ದೊಡ್ಡವರಾದ ನಮಗೇ ಗೊತ್ತು.

ಅಧ್ಯಕ್ಷರು: ನಮ್ಮ ಭಾವಮೈದುನ ಅಮೆರಿಕದಲ್ಲಿದ್ದಾನೆ. ಅಲ್ಲಿ ಇಂಥದ್ದಕ್ಕೆಲ್ಲ ಸಸ್ಪೆಂಡ್ ಅಂತೆ. ಹೊಡೆಯೋದಿಲ್ಲ, ಬಯ್ಯೋದಿಲ್ಲ, ಐದು ದಿನ ಮನೇಲಿರು ಅಂತ ಕಳಿಸ್ತಾರಂತೆ. ಅದಾದ್ರೂ ಮಾಡಬಹುದಲ್ಲ?

ಮುಖ್ಯ ಶಿಕ್ಷಕಿ: ಅಲ್ಲೂ ಕೆಲವು ರಾಜ್ಯಗಳಲ್ಲಿ ಹೊಡೆಯೋಕೆ ಅವಕಾಶ ಇದೆ. ಶಾಲೇಲಿ ಹೊಡೆದದ್ದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ 1977ರಲ್ಲಿ ಅವರ ಸುಪ್ರೀಂ ಕೋರ್ಟೇ ಹೇಳಿತ್ತು. ಸಸ್ಪೆಂಡಿನ ಕಥೆ ಕೇಳಿ. 2011-12ರಲ್ಲಿ ಅವರ ಶಿಕ್ಷಣ ಇಲಾಖೆ ದೇಶದ ಸರ್ಕಾರಿ ಶಾಲೆಗಳಿಂದ ಲೆಕ್ಕ ತೆಗೆಸಿತ್ತು. ಬಿಳಿಯ ಮಕ್ಕಳಲ್ಲಿ ನೂರಕ್ಕೆ 5 ಜನ ಸಸ್ಪೆಂಡ್ ಆಗಿದ್ರೆ, ಕಪ್ಪು ಮಕ್ಕಳಲ್ಲಿ ನೂರಕ್ಕೆ 16. ಇದು ಸರಿಯಲ್ಲ, ತಿದ್ಕೊಳ್ಳಿ ಅಂತ 2014ರಲ್ಲಿ ಶಾಲೆಗಳಿಗೆ ಮಾರ್ಗಸೂಚಿ ಹೋಯ್ತು. ಸರ್ಕಾರ ಬದಲಾಯ್ತು, 2018ರಲ್ಲಿ ಅದನ್ನ ವಾಪಸ್ ತಗೊಂಡ್ರು.

ಅಧ್ಯಕ್ಷರು: ಅಂದ್ರೆ ಅಲ್ಲಿಯೂ ಇದೇ ಹಣೆಬರಹ.

ಮುಖ್ಯ ಶಿಕ್ಷಕಿ: ಹಣೆಬರಹ ಒಂದೇ, ಆದ್ರೆ ಅವರ ಹತ್ರ ಲೆಕ್ಕ ಇದೆ. ಎಷ್ಟು ಮಕ್ಕಳನ್ನ ಮನೆಗೆ ಕಳಿಸಿದ್ರಿ, ಯಾವ ಮಕ್ಕಳನ್ನ ಅಂತ ಕೇಳಿದ್ರೆ ಶಾಲೆ ಹೇಳಬೇಕು. ನಮ್ಮಲ್ಲಿ ಕಾನೂನಿನ ಪ್ರಕಾರ ಶಿಕ್ಷೆಯೇ ಇಲ್ಲ. ಇಲ್ಲದೇ ಇರೋದನ್ನ ಎಣಿಸೋದು ಹೇಗೆ? ಬಿಸಿಯೂಟದ ಅಕ್ಕಿಯಿಂದ ಹಿಡಿದು ಮಕ್ಕಳ ಆಧಾರ್‌ವರೆಗೆ ಎಲ್ಲಕ್ಕೂ ರಿಜಿಸ್ಟರ್ ಇದೆ, ಆನ್‌ಲೈನ್ ಎಂಟ್ರಿ ಇದೆ. ವರಾಂಡದಲ್ಲಿ ನಿಂತ ಮಗುವಿಗೆ ಮಾತ್ರ ಎಲ್ಲೂ ಎಂಟ್ರಿ ಇಲ್ಲ. ಹಾಜರಿ ಪುಸ್ತಕದಲ್ಲಿ ಅದು ಹಾಜರ್, ಪಾಠಕ್ಕೆ ಗೈರು.

ಅಧ್ಯಕ್ಷರು: ವರಾಂಡದಲ್ಲಿ ನಿಂತ್ಕೊಂಡ ಮಾತ್ರಕ್ಕೆ ಏನಾಗುತ್ತೆ ಮೇಡಂ? ಗಾಳಿ ಬರುತ್ತೆ, ಹಕ್ಕಿ ನೋಡ್ತಾ ನಿಂತಿರ್ತಾರೆ. ನಾವೂ ನಿಂತಿದ್ವಿ.

ಮುಖ್ಯ ಶಿಕ್ಷಕಿ: ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿಯೂ ಹಾಗೇ ನಿಂತಿರ್ತಿದ್ಲು. ‘ಕರೆದ್ರೆ ತಿರುಗೋದೇ ಇಲ್ಲ, ಬೇಕೂಂತಲೇ ಮಾಡ್ತಾಳೆ, ಮೊಂಡಿ’ ಅಂತ ದೂರು. ಒಂದು ಮಧ್ಯಾಹ್ನ ಇದೇ ಕಿಟಕಿಯಿಂದ ನೋಡ್ತಾ ಇದ್ದೆ. ಊಟದ ಬೆಲ್ ಹೊಡೀತು. ಎಲ್ಲ ಮಕ್ಕಳೂ ತಟ್ಟೆ ಹಿಡ್ಕೊಂಡು ಓಡಿದ್ರು. ಇವಳು ಬೆಲ್ ಕಂಬದ ಪಕ್ಕದಲ್ಲೇ ನಿಂತಿದ್ಲು, ಕದಲಲಿಲ್ಲ. ಮಿಕ್ಕವರು ಓಡೋದು ಕಣ್ಣಿಗೆ ಬಿದ್ದ ಮೇಲೆ ತಾನೂ ಓಡಿದ್ಲು.

ಅಧ್ಯಕ್ಷರು: ಕಿವಿ ಕೇಳಿಸ್ತಿರಲಿಲ್ಲ!

ಮುಖ್ಯ ಶಿಕ್ಷಕಿ: ಎರಡೂ ಕಿವಿ ಮಂದ. ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ವಿಶೇಷ ಶಿಕ್ಷಕರನ್ನ ಕರೆಸಿದೆ. ತಾಲ್ಲೂಕಿನ ತಪಾಸಣಾ ಶಿಬಿರಕ್ಕೆ ಕಳಿಸಿ ಶ್ರವಣ ಸಾಧನ ಕೊಡಿಸಿದ್ರು. ಈಗ ಮುಂದಿನ ಬೆಂಚು, ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳಬಾರದು ಅಂತ ಒಂದು ನಿಯಮ. ಅಷ್ಟಕ್ಕೇ ‘ಮೊಂಡಿ’ ಹೋಗಿ ಮಗ್ಗಿ ಹೇಳೋ ಹುಡುಗಿ ಆದ್ಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನ ಹೆಸರಿಸುತ್ತೆ. ಹಳೇ ಕಾಯ್ದೆಯಲ್ಲಿ ಇದ್ದದ್ದು ಏಳೇ. ಹೊಸದಾಗಿ ಸೇರಿದವುಗಳಲ್ಲಿ ಕಲಿಕಾ ನ್ಯೂನತೆಯಂಥ ಹಲವು ಕಣ್ಣಿಗೆ ಕಾಣೋವಲ್ಲ. ಕಾಣದೇ ಇರೋದಕ್ಕೆ ನಾವು ಸೋಮಾರಿ, ದಡ್ಡ, ತುಂಟ ಅಂತ ಹೆಸರಿಡ್ತೀವಿ. ಕಂಡದ್ದಕ್ಕೆ ರ‍್ಯಾಂಪ್ ಕಟ್ಟಿಸಿ ಫೋಟೋ ತೆಗೆಸ್ತೀವಿ.

ಅಧ್ಯಕ್ಷರು: ನಮ್ಮ ರ‍್ಯಾಂಪಿನ ಮೇಲೆ ಹುಡುಗರು ಜಾರುಬಂಡೆ ಆಡ್ತಾರೆ, ಅದೊಂದು ಉಪಯೋಗ. ಹೋಗಲಿ, ಶಾಲೆ ಕೆಲಸ ಕೊಡಬಹುದಲ್ಲ ಶಿಕ್ಷೆ ಅಂತ? ಕಸ ಗುಡಿಸೋದು, ಶೌಚಾಲಯ ತೊಳೆಯೋದು. ಕೆಲಸ ಕಲಿತ ಹಾಗೂ ಆಯ್ತು.

ಮುಖ್ಯ ಶಿಕ್ಷಕಿ: ಗುಡಿಸೋದು ಪಾಳಿ ಪ್ರಕಾರ ಎಲ್ಲರೂ ಮಾಡ್ತಾರೆ, ನಿಮ್ಮ ಮಗನೂ ಮಾಡ್ತಾನೆ. ಅದು ಶಿಕ್ಷೆ ಆದ ಕ್ಷಣ ಯಾರ ಪಾಲಿಗೆ ಹೋಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ಪೇಪರಲ್ಲಿ ಓದಿದ್ರಲ್ಲ. ಅಷ್ಟು ದೂರ ಹೋದದ್ದು ಒಂದೇ ದಿನದಲ್ಲಿ ಅಲ್ಲ. ‘ಇಂಥ ಕೆಲಸಕ್ಕೆ ಇಂಥ ಮಕ್ಕಳು’ ಅನ್ನೋದು ಒಳಗೊಳಗೇ ಗಟ್ಟಿಯಾಗಿರುತ್ತೆ.

ಅಧ್ಯಕ್ಷರು: ಆಯ್ತು, ಒಪ್ಪಿದೆ. ಆದ್ರೆ ಒಂದು ಕೇಳ್ತೀನಿ. ನಾಳೆ ಯಾವನೋ ಚಾಕು ತರ್ತಾನೆ. ಇಲ್ಲ, ಹೆಣ್ಣುಮಗಳ ಜೊತೆ ಅಸಹ್ಯವಾಗಿ ನಡ್ಕೋತಾನೆ. ಆಗಲೂ ಎದುರುಬದುರು ಕೂರಿಸಿ ಮಾತಾಡಿಸ್ತೀರಾ?

ಮುಖ್ಯ ಶಿಕ್ಷಕಿ: ಇಲ್ಲ. ಅದು ಶಾಲೆಯ ಶಿಸ್ತಿಗೆ ಮೀರಿದ್ದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಗೊತ್ತಿದ್ದೂ ತಿಳಿಸದೇ ಇದ್ರೆ ನನ್ನ ಮೇಲೇ ಕೇಸು. ಚಾಕುವಿನ ವಿಷಯದಲ್ಲೂ ಮಕ್ಕಳ ಪೊಲೀಸ್ ಅಧಿಕಾರಿ, ಬಾಲನ್ಯಾಯ ಮಂಡಳಿ ಇದ್ದಾರೆ. ಊರ ಮರ್ಯಾದೆ, ಪಂಚಾಯ್ತಿ ಕಟ್ಟೆ, ರಾಜಿ ಅಂತ ಅಂಥದ್ದನ್ನ ಮುಚ್ಚಬಾರದು. ನಮ್ಮಲ್ಲಿ ಆಗ್ತಿರೋದು ತಿರುಗುಮುರುಗು. ಪೊಲೀಸಿಗೆ ಹೋಗಬೇಕಾದ್ದನ್ನ ರಾಜಿ ಮಾಡ್ತೀವಿ, ಮಾತಲ್ಲಿ ಮುಗಿಯೋದಕ್ಕೆ ಟಿ.ಸಿ. ಕೇಳ್ತೀವಿ.

ಅಧ್ಯಕ್ಷರು: ಟಿ.ಸಿ. ಕೇಳಿದ್ದು ನಾನೇ, ಚುಚ್ಚಿದ್ದು ತಾಗಿತು ಬಿಡಿ. ಈಗ ನನ್ನ ಕಡೆಯಿಂದ ಒಂದು. ನೀವು ಹೇಳಿದ್ದೆಲ್ಲ ಮಾಡೋಕೆ ಜನ ಎಲ್ಲಿದ್ದಾರೆ? ಏಳು ಕ್ಲಾಸು, ನಾಲ್ಕು ಜನ ಮೇಷ್ಟ್ರು. ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕರು. ನೀವು ವಾರಕ್ಕೆ ಎರಡು ದಿನ ಮೀಟಿಂಗು. ಪಕ್ಕದ ಕ್ಲಾಸಲ್ಲಿ ಮೇಷ್ಟ್ರಿಲ್ಲದೆ ಹುಡುಗರು ಕಿರುಚ್ತಾ ಇದ್ರೆ, ಈ ಕ್ಲಾಸಿನ ಮೇಷ್ಟ್ರು ಬೆತ್ತ ಹಿಡಿಯದೆ ಇನ್ನೇನು ಮಾಡ್ತಾರೆ? ಬೆತ್ತ ಕಿತ್ಕೊಂಡ ಸರ್ಕಾರ ಅದರ ಬದಲಿಗೆ ಕೈಗೆ ಏನು ಕೊಟ್ಟಿದೆ?

ಮುಖ್ಯ ಶಿಕ್ಷಕಿ: ಇದು ಸರಿಯಾದ ಪ್ರಶ್ನೆ. ಈ ಕಂಪಾಸ್ ಬಾಕ್ಸಿನ ಹೊಡೆದಾಟ ಆದದ್ದೂ ಮೇಷ್ಟ್ರಿಲ್ಲದ ಪೀರಿಯಡ್ಡಲ್ಲೇ. ಹೊರಗೆ ಹಾಕಬೇಡ, ಹೊಡೆಯಬೇಡ ಅಂದ ಅದೇ ಕಾಯ್ದೆ ಒಂದರಿಂದ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಅಂತಲೂ ಹೇಳುತ್ತೆ. ಮೇಲಿನ ಕ್ಲಾಸುಗಳಿಗೆ ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ತಲಾ ಒಬ್ಬರಾದರೂ ಬೇಕು. ಮೊದಲ ಅರ್ಧ ನಾನು ಪಾಲಿಸಬೇಕು. ಉಳಿದರ್ಧ ಸರ್ಕಾರ ಪಾಲಿಸಬೇಕು. ನಾನು ಕೇಳಿದ್ರೆ ಅದು ಕಡತದಲ್ಲಿ ಕೂರುತ್ತೆ. ನೀವು ಕೇಳಿದ್ರೆ ಸಮಿತಿ ಕೇಳಿದ ಹಾಗೆ. ಎಸ್‌ಡಿಎಂಸೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಜನ ಹೆಂಗಸರು ಇರಬೇಕು ಅಂತ ಕಾಯ್ದೆ ಮಾಡಿದ್ದು ಆಗಸ್ಟ್ ಹದಿನೈದಕ್ಕೆ ಸಿಹಿ ಹಂಚೋಕೆ ಮಾತ್ರ ಅಲ್ಲ.

ಅಧ್ಯಕ್ಷರು: ಸರಿ, ನಡಾವಳಿ ಪುಸ್ತಕ ತೆಗೀರಿ. ನಾನು ಹೇಳ್ತಾ ಹೋಗ್ತೀನಿ, ಕಾನೂನಿನ ಭಾಷೆ ನೀವು ಹಾಕ್ಕೊಳ್ಳಿ. ಒಂದು, ಏಟು ತಿಂದ ಹುಡುಗನ ತಾಯಿ ಮೊದಲು ಮಾತಾಡಬೇಕು. ಆಸ್ಪತ್ರೆ ಖರ್ಚು ಸಮಿತಿಯವರೇ ಸೇರಿ ಹಾಕ್ಕೋತೀವಿ. ಗೂಡಿನವರ ಹತ್ರ ಕೇಳೋದು ಬೇಡ, ಅವರು ಮುಂಗಡದ ಸಾಲದಲ್ಲಿದ್ದಾರೆ.

ಮುಖ್ಯ ಶಿಕ್ಷಕಿ: ಎರಡು?

ಅಧ್ಯಕ್ಷರು: ಗೂಡಿನ ಯಜಮಾನರ ಹತ್ರ ನಾನೇ ಹೋಗ್ತೀನಿ. ಶಾಲೆಗೆ ಬರೋ ಮಕ್ಕಳ ಕೈಲಿ ಬೆಳಗಿನ ಜಾವ ಕೆಲಸ ಮಾಡಿಸಬಾರದು. ಮೂರು, ನಿಮ್ಮ ನೋಟ್‌ಬುಕ್ಕು ಪ್ರತಿ ಸಭೇಲಿ ಓದಬೇಕು. ಮಕ್ಕಳ ಹೆಸರು ಬೇಡ, ಏನು ತಪ್ಪು, ಏನು ಮಾಡಿದ್ರಿ ಅಷ್ಟು ಸಾಕು. ಅಣಕಕ್ಕೂ ಒಂದು ಕಾಲಂ ಹಾಕಿ. ನಮ್ಮ ಮನೆಯವನದ್ದೂ ಬರಲಿ.

ಮುಖ್ಯ ಶಿಕ್ಷಕಿ: ಮೆಂಬರಿಗೆ ಯಾರು ಹೇಳ್ತೀರಿ?

ಅಧ್ಯಕ್ಷರು: ನಾನೇ. ಬೈಸಿಕೊಳ್ಳೋದು ಅಧ್ಯಕ್ಷನ ಕೆಲಸ ತಾನೇ. ನಾಲ್ಕು, ಖಾಲಿ ಇರೋ ಶಿಕ್ಷಕರ ಹುದ್ದೆ ತುಂಬಬೇಕು ಅಂತ ಬಿಇಒ ಸಾಹೇಬ್ರಿಗೆ ಮನವಿ. ಸಹಿ ಬರೀ ನಂದು ಬೇಡ, ಎಲ್ಲ ಪೋಷಕರದ್ದೂ ಹಾಕಿಸೋಣ, ಗೂಡಿನವರದ್ದೂ ಸೇರಿ. ಪ್ರತಿ ಇಟ್ಕೊಳ್ಳಿ, ಜಿಲ್ಲಾ ಪಂಚಾಯ್ತಿಗೂ ಒಂದು ಹೋಗಲಿ.

ಮುಖ್ಯ ಶಿಕ್ಷಕಿ: ಟಿ.ಸಿ. ವಿಷಯ ಬರೆಯೋದಾ, ಬಿಡೋದಾ?

ಅಧ್ಯಕ್ಷರು: ಬಿಡಬೇಡಿ. ನಾಳೆ ಇನ್ನೊಬ್ಬ ಅಧ್ಯಕ್ಷ ಬರ್ತಾನೆ, ಅವನೂ ನನ್ನ ಥರಾನೇ ಬಂದು ಕೇಳ್ತಾನೆ. ಚರ್ಚೆ ಆಯ್ತು, ಕಾನೂನಿನಲ್ಲಿ ಅವಕಾಶ ಇಲ್ಲ, ಸಮಿತಿಗೂ ಬೇಡ ಅಂತ ಸ್ಪಷ್ಟವಾಗಿ ಬರೀರಿ.